ಎಲಾದಿಯೊ ಬೇಡ ಅಂದ ತಾರಸಿ

ಬುವೆನೊಸ್ ಐರೆಸ್, ಹಳಿ ಪಕ್ಕದ ಬಸ್ತಿ
14 ಏಪ್ರಿಲ್ 2002

ಸತುರ್ನಿನಾ,

‘ಕೊಮಾದ್ರೆ’ ಅಂತ ಬರೆಯೋಣ ಅಂದ್ಕೊಂಡೆ, ಪೆನ್ನು ಮುಂದಕ್ಕೆ ಹೋಗಲಿಲ್ಲ. ನಿನ್ನ ಮಗಳು ವಿಲ್ಮಾಳ ಮೊದಲ ಕೂದಲು ಕತ್ತರಿಸಿದ ಕೈ ನನ್ನದು. ಆವತ್ತಿಂದ ನಾನು ಅವಳ ಧರ್ಮತಾಯಿ, ನಾವಿಬ್ಬರೂ ಕೊಮಾದ್ರೆಗಳು, ಅದನ್ನ ಅಳಿಸೋಕೆ ಯಾರಿಂದಲೂ ಆಗಲ್ಲ. ಆದ್ರೆ ಮೂರು ವರ್ಷ ಮಾತು ಬಿಟ್ಟ ಮೇಲೆ ಆ ಹೆಸರಿಟ್ಟು ಕರೆದರೆ ನೀನು ಮೂಗು ಮುರಿದೀಯ ಅಂತ ಭಯ.

ವಿಳಾಸ ಹೇಗೆ ಸಿಕ್ತು ಅಂತ ಹುಬ್ಬೇರಿಸಬೇಡ. ಸಂತೇಲಿ ಸೊಪ್ಪು ಮಾರೋ ನಿಮ್ಮ ಬೊಲಿವಿಯಾದ ಹೆಂಗಸು ಕೊಟ್ಟಳು. ಲಾ ಪ್ಲಾತಾ ಊರಾಚೆ ತೋಟ ಮಾಡಿದಾರೆ, ಟೊಮೇಟೊ, ಬೆಳ್ಳುಳ್ಳಿ, ಸ್ವಂತ ಲಾರಿ ಬೇರೆ, ಅಂತ ಒಂದೇ ಉಸಿರಲ್ಲಿ ಒದರಿದಳು. ನಾನು ಕೇಳಿದ್ದು ವಿಳಾಸ ಮಾತ್ರ.

ಯಾಕೆ ಬರೀತಿದೀನಿ ಅಂದ್ರೆ, ಹೋದ ವಾರ ನಮ್ಮ ಗಲ್ಲಿಗೆ ಯೂನಿವರ್ಸಿಟಿಯಿಂದ ಒಂದು ಹುಡುಗಿ ಬಂದಿತ್ತು. ಕುತ್ತಿಗೆಗೆ ಗುರುತಿನ ಚೀಟಿ, ಕೈಯಲ್ಲಿ ಹಾಳೆಗಳ ಕಟ್ಟು. ‘ಪರಾಗ್ವೆಯಿಂದ ಬಂದವರು ಚೆನ್ನಾಗಿದಾರೋ, ಬೊಲಿವಿಯಾದಿಂದ ಬಂದವರು ಚೆನ್ನಾಗಿದಾರೋ, ಹೋಲಿಸಿ ನೋಡ್ತಿದೀವಿ ಅಮ್ಮಾ’ ಅಂದಳು. ‘ಅಯ್ಯೋ ಮಗಳೇ, ಅದಕ್ಕೆ ಯೂನಿವರ್ಸಿಟಿ ಯಾಕೆ? ಉಣ್ಣೋದರಲ್ಲಿ ನಾವು ಪರಾಗ್ವೆಯವರು, ಉಳಿಸೋದರಲ್ಲಿ ಅವರು. ಬರ್ಕೊಂಡು ಮನೆಗೆ ಹೋಗು’ ಅಂದೆ. ನಗ್ತಾ ಕೂತೇಬಿಟ್ಟಳು. ಮನೇಲಿ ಫ್ರಿಜ್ ಇದೆಯಾ, ವಾರಕ್ಕೆ ಎಷ್ಟು ಸಲ ಮಾಂಸ ಬೇಯುತ್ತೆ, ಗೋಡೆ ಇಟ್ಟಿಗೇದಾ ತಗಡಿನದಾ, ಎಲ್ಲಾ ಕೇಳಿದಳು. ನಾನೂ ಜಂಬವಾಗಿ ಹೇಳ್ತಾ ಹೋದೆ. ಮಹಡಿ ಮೇಲೆ ಏನಿದೆ ಅಂದಳು. ‘ನಾಲ್ಕು ಗೋಡೆ ಇದೆ, ಮೇಲೆ ಆಕಾಶ ಇದೆ’ ಅಂದೆ. ಅದಕ್ಕೆ ಹಾಳೇಲಿ ಜಾಗ ಇರಲಿಲ್ಲ.

ಕೊನೇ ಪ್ರಶ್ನೆ ಏನು ಗೊತ್ತಾ? ‘ಕಷ್ಟ ಬಂದ್ರೆ ಮೊದಲು ಯಾರನ್ನ ಕರೀತೀರ? ಒಂದು ಹೆಸರು ಹೇಳಿ ಸಾಕು.’ ಬಾಯಿ ತೆರೆದೆ, ಹೆಸರು ಬರಲಿಲ್ಲ ಕಣೇ. ಹುಡುಗಿ ಪೆನ್ನು ಹಿಡ್ಕೊಂಡು ಕಾದಳು. ನನ್ನ ಗಂಡ ಎಲಾದಿಯೊ ಇದ್ದಿದ್ರೆ ಅವನ ಹೆಸರು ಹೇಳ್ತಿದ್ದೆ. ಜನವರಿ ಬಿಸಿಲಲ್ಲಿ ಗಾರೆ ಕೆಲಸ ಹುಡುಕ್ಕೊಂಡು ಹೋದವನು ಬಸ್ ನಿಲ್ದಾಣದ ಕಲ್ಲು ಬೆಂಚಿನ ಮೇಲೆ ಕೂತ, ಮತ್ತೆ ಏಳಲಿಲ್ಲ. ನಿನಗೆ ಸುದ್ದಿ ಮುಟ್ಟಿದೆ ಅಂತ ಗೊತ್ತು. ಮಣ್ಣು ಮಾಡಿದ ದಿನ ನಿನ್ನ ಗಂಡ ಫೌಸ್ತಿನೊ ಸ್ಮಶಾನದ ಗೇಟಿನ ಹತ್ರ ಟೋಪಿ ಕೈಯಲ್ಲಿ ಹಿಡ್ಕೊಂಡು ನಿಂತಿದ್ದ. ನಾನು ನೋಡಿದೆ. ಹತ್ತಿರ ಬರ್ತಾನೆ ಅಂದ್ಕೊಂಡೆ, ತಿರುಗಿ ಹೊರಟುಹೋದ.

ಹುಡುಗಿ ಆ ಜಾಗ ಖಾಲಿ ಬಿಟ್ಟು ಹೋದಳು. ನನಗೆ ಊಟ ಸೇರಲಿಲ್ಲ. ಹನ್ನೊಂದು ವರ್ಷ ಒಂದೇ ಗೋಡೆಯ ಆಚೆ ಈಚೆ ಇದ್ವಿ. ನೀನು ಆಕಡೆ ಗೋಡೆ ಬಡಿದರೆ ನಾನು ಈಕಡೆ ಉಪ್ಪಿನ ಡಬ್ಬ ತೆಗೀತಿದ್ದೆ. ಈಗ ಆ ಮನೇಲಿ ಯಾರೋ ಇದಾರೆ, ಇಡೀ ದಿನ ಟೀವಿ ಹಾಕ್ಕೊಂಡಿರ್ತಾರೆ. ಒಂದು ಸಲ ಗೋಡೆ ಬಡಿದೆ, ಸೌಂಡು ಕಮ್ಮಿ ಮಾಡಿದರು.

ಏನೋ ಬೇಕಾಗಿ ಬರೆದಳು ಅಂದ್ಕೋಬೇಡ. ನನಗೇನೂ ಬೇಡ. ವಿಲ್ಮಾಳ ಕೂದಲು ಈಗ ಎಷ್ಟು ಉದ್ದ ಇದೆ, ಅಷ್ಟು ಬರಿ.

ಲಿಬ್ರಾದಾ

—

ಲಾ ಪ್ಲಾತಾ, ತೋಟ
20 ಮೇ 2002

ಲಿಬ್ರಾದಾ,

ಕಾಗದ ಸಿಕ್ಕಿತು. ಬದುಕಿದ್ದೀವಿ.

ವಿಲ್ಮಾಳ ಕೂದಲು ಸೊಂಟದವರೆಗೆ ಇದೆ. ಎರಡು ಜಡೆ ಹಾಕ್ತೀನಿ. ಸ್ಕೂಲಲ್ಲಿ ಜಡೆ ಹಿಡಿದು ಎಳೀತಾರಂತೆ, ಕತ್ತರಿಸು ಅಂತ ಅಳ್ತಾಳೆ. ನಾನು ಒಪ್ಪಿಲ್ಲ.

ಆ ಹುಡುಗಿ ನಮ್ಮಲ್ಲಿಗೂ ಬಂದಿದ್ದಳು. ಇದೇ ಹುಡುಗಿಯೋ, ಅವಳ ಜೊತೆಗಾತಿಯೋ. ಫೌಸ್ತಿನೊ ಮಾತಾಡಿದ. ನಾನು ಕ್ಯಾರೆಟ್ ತೊಳೀತಿದ್ದೆ. ನೀನು ಹೇಳಿದ್ದು ಸರಿ, ಉಣ್ಣೋದರಲ್ಲಿ ನೀವೇ. ಶನಿವಾರ ನಿಮ್ಮವರು ರಾಜರು, ಪೂರ್ತಿ ದನವನ್ನೇ ಕೆಂಡದ ಮೇಲಿಟ್ಟು ದಾರಿಹೋಕರನ್ನೂ ಕರೆದು ಬಡಿಸ್ತೀರಿ. ಸೋಮವಾರ ಬಸ್ ಚಾರ್ಜಿಗೆ ಕೈ ಚಾಚ್ತೀರಿ. ನಾವು ಆಲೂಗಡ್ಡೆ ತಿಂದು ಲಾರಿ ತಗೊಂಡ್ವಿ, ಅದನ್ನ ನೀನೇ ಹಿಂದೆ ಎಷ್ಟು ಸಲ ಆಡಿಕೊಂಡಿದೀಯ. ಈಗ ಯೂನಿವರ್ಸಿಟಿಯವರೂ ಅದನ್ನೇ ಹೇಳ್ತಾರೆ ಅಂತ ಖುಷಿಪಡು.

ಆದ್ರೆ ನಮ್ಮನೇನ ದೂರದಿಂದ ನೋಡಬೇಡ. ಭೂಮಿ ಬಾಡಿಗೇದು. ಬಾಡಿಗೆ ಭೂಮಿ ಮೇಲೆ ಇಟ್ಟಿಗೆ ಇಡೋಕೆ ಯಜಮಾನ ಬಿಡಲ್ಲ. ಹಲಗೆ ಗೋಡೆ, ಮೇಲೆ ಪ್ಲಾಸ್ಟಿಕ್. ಗಾಳಿ ಬಂದರೆ ಇಡೀ ಮನೆ ಉಸಿರಾಡುತ್ತೆ. ನಿನಗಾದ್ರೂ ಗೋಡೆ ಇದೆ.

ಎಲಾದಿಯೊ ಮೇಸ್ತ್ರಿ ಹೋಗಿದ್ದು ಕೇಳಿ ನಾನು ಅತ್ತೆ. ಇಲ್ಲಿ ಯಾರಿಗೂ ಕಾಣಿಸಲಿಲ್ಲ.

ಸಂತೆಗೆ ಬರೋ ನಮ್ಮ ಲಾರಿಯವನ ಕೈಲಿ ಒಂದು ಬುಟ್ಟಿ ಆಲೂಗಡ್ಡೆ ಕಳಿಸಿದೀನಿ. ಹೊಸ ಬೆಳೆ. ತಿನ್ನು.

ಸತುರ್ನಿನಾ

—

ಹಳಿ ಪಕ್ಕದ ಬಸ್ತಿ
26 ಜೂನ್ 2002

ಸತುಕಾ,

ಬುಟ್ಟಿ ಬಂದ ಮಾರನೇ ದಿನವೇ ನಿಮ್ಮ ಲಾರಿಯವನ ಕೈಲಿ ವಾಪಸ್ ಕಳಿಸಿದ್ದೆ, ಸೇರಿತಾ? ಖಾಲಿ ಕಳಿಸೋ ಪೈಕಿ ನಾನಲ್ಲ. ಮರಗೆಣಸಿನ ಹಿಟ್ಟಿಗೆ ಚೀಸು, ಮೊಟ್ಟೆ ಧಾರಾಳವಾಗಿ ಹಾಕಿ, ಬುಟ್ಟಿ ತುಂಬ ಚಿಪಾ ಬೇಯಿಸಿ ಕಳಿಸಿದೆ. ವಿಲ್ಮಾ ಚಿಕ್ಕವಳಿದ್ದಾಗ ಬಿಸಿ ಚಿಪಾನ ಫ್ರಾಕಿನ ಜೇಬಲ್ಲಿ ಹಾಕ್ಕೊಂಡು ತೊಡೆ ಸುಟ್ಟುಕೊಂಡಿದ್ದಳಲ್ಲ, ಅದು ನೆನಪಾಗಿ ಒಬ್ಬಳೇ ನಕ್ಕೆ. ಒಂದು ತಿಂಗಳಾಯ್ತು, ನಿನ್ನಿಂದ ಒಂದು ಸಾಲೂ ಇಲ್ಲ. ಚಿಪಾ ಗಟ್ಟಿಯಾಗಿತ್ತಾ ಮಾರಾಯ್ತಿ?

ಮೊನ್ನೆ ಸಂತ ಯೋವಾನನ ಹಬ್ಬ ಬಂತು. ನೀವಿದ್ದಾಗ ನಮ್ಮ ಗಲ್ಲಿ ಹೇಗಿರ್ತಿತ್ತು ನೆನಪಿದೆಯಲ್ಲ? ಆ ತುದಿಯಿಂದ ಈ ತುದಿವರೆಗೆ ಬೆಂಕಿ, ನಮ್ಮ ಗಂಡಸರು ಕುಡಿದು ಕೆಂಡದ ಮೇಲೆ ಬರಿಗಾಲಲ್ಲಿ ಓಡೋದು, ನೀನು ‘ಇವರಿಗೆ ಹುಚ್ಚು’ ಅಂತ ಬಾಗಿಲ ಮರೆಯಿಂದ ಬಯ್ಯೋದು. ಈ ಸಲ ಬೆಂಕಿ ಹಾಕಿದ್ದು ನಾನೊಬ್ಬಳೇ. ಕಟ್ಟೋ ಕೆಲಸ ಎಲ್ಲೂ ಇಲ್ಲ, ಊರೆಲ್ಲಾ ಅರ್ಧ ಎದ್ದ ಕಟ್ಟಡಗಳು. ನಮ್ಮವರೆಲ್ಲಾ ಬಸ್ ಹತ್ತಿ ಪರಾಗ್ವೆಗೆ ಹೊರಟುಹೋದರು. ಎಲಾದಿಯೊನ ಜೊತೆ ಕೆಲಸ ಮಾಡ್ತಿದ್ದವರಲ್ಲಿ ಒಬ್ಬನೂ ಉಳಿದಿಲ್ಲ. ಹೋಗೋವಾಗ ಎಲ್ಲರೂ ತಬ್ಬಿಕೊಂಡು ಅತ್ತರು, ‘ಲಿಬ್ರಾದಕ್ಕ, ನಿನ್ನ ಮಹಡಿಗೆ ತಾರಸಿ ಮೋಲ್ಡ್ ಹಾಕೋಕೆ ಬಂದೇ ಬರ್ತೀವಿ’ ಅಂದರು. ಪಾಪ, ಸುಳ್ಳು ಹೇಳಬೇಕು ಅಂತ ಹೇಳಿದ್ದಲ್ಲ.

ಬೆಂಕಿ ಮುಂದೆ ಸ್ಟೂಲ್ ಹಾಕ್ಕೊಂಡು ಕೂತೆ. ಮಾತೆ ಸೊಪ್ಪು ತುಂಬಿದ ಸೋರೆಬುರುಡೆಗೆ ಬಿಸಿನೀರು ಹಾಕಿದೆ, ಕುಡಿದೆ. ಇನ್ನೊಬ್ಬರಿಗೆ ದಾಟಿಸೋಕೆ ಕೈ ಚಾಚಿದೆ, ಯಾರೂ ಇರಲಿಲ್ಲ. ಮತ್ತೆ ನನಗೇ ಹಾಕ್ಕೊಂಡೆ. ಒಬ್ಬಳೇ ಮಾತೆ ಕುಡಿಯೋವಷ್ಟು ಬೇಜಾರು ಇನ್ನೊಂದಿಲ್ಲ ಕಣೇ.

ಮಳೆ ಬಂದರೆ ಮೇಲಿನ ಕೋಣೇಲಿ ನೀರು ನಿಂತು ಕೆಳಗೆ ನನ್ನ ಮಂಚದ ಮೇಲೆ ಸೋರುತ್ತೆ. ಮಂಚ ಎಳೆದು ಎಳೆದು ಈಗ ಒಲೆ ಹತ್ತಿರ ತಂದಿದೀನಿ. ಪರಾಗ್ವೆಯ ವಿಲ್ಯಾರಿಕಾದಿಂದ ನನ್ನಕ್ಕ ಬರೆದಿದಾಳೆ: ‘ಅಲ್ಲಿ ಯಾರಿದಾರೆ ನಿನಗೆ? ಮನೆ ಮಾರಿ ಬಾ.’ ಯೋಚನೆ ಮಾಡ್ತಿದೀನಿ. ತಾರಸಿ ಇಲ್ಲದ ಮನೆಗೆ ಯಾರು ಎಷ್ಟು ಕೊಡ್ತಾರೋ.

ಒಂದು ಸಾಲು ಬರಿ.

ಲಿಬ್ರಾದಾ

—

ತೋಟ
18 ಆಗಸ್ಟ್ 2002

ಲಿಬ್ರಾದಾ,

ಬರೀಬಾರದು ಅಂತಿದ್ದೆ. ಫೌಸ್ತಿನೊ ಬರಿ ಅಂದ. ಅದಕ್ಕೆ ಬರೀತಿದೀನಿ, ಓದಿ ಸಿಟ್ಟು ಬಂದ್ರೆ ಬರಲಿ.

ನಿನ್ನ ಚಿಪಾ ಚೆನ್ನಾಗಿತ್ತು. ತಪ್ಪು ಚಿಪಾದ್ದಲ್ಲ. ನಾನು ಬುಟ್ಟಿ ಕಳಿಸಿದೆ. ಮಾರನೇ ದಿನವೇ ಅದು ತುಂಬಿ ವಾಪಸ್ ಬಂತು. ಲಾರಿಯವನು ಇಳಿಸೋವಾಗ ನಮ್ಮ ಹೆಂಗಸರೆಲ್ಲ ನೋಡಿದರು. ಒಬ್ಬಳು ‘ಅವಳಿಗೆ ನಿನ್ನ ಹಂಗು ಒಂದು ಹಗಲೂ ಬೇಡ್ವಂತೆ’ ಅಂದಳು. ಕೊಟ್ಟಿದ್ದನ್ನ ಸ್ವಲ್ಪ ದಿನ ಇಟ್ಟುಕೋಬೇಕು ಲಿಬ್ರಾದಾ. ಋತು ಬದಲಾಗಲಿ, ನನಗೆ ಬೇಕಾದ ಹೊತ್ತು ಬರಲಿ, ಆಗ ಕೊಡು. ಕೂಡಲೇ ತೀರಿಸಿಬಿಡೋದು ಅಂದ್ರೆ ನಮ್ಮಲ್ಲಿ ಬಾಗಿಲು ಹಾಕಿದ ಹಾಗೆ.

ನಿಮ್ಮ ಮನೆಯಿಂದ ಇದು ಎರಡನೇ ಸಲ.

ನಮ್ಮಲ್ಲಿ ಐನಿ ಅಂತಾರೆ, ಅಂದ್ರೆ ಮುಯ್ಯಿ. ಇವತ್ತು ನನ್ನ ಹೊಲದಲ್ಲಿ ನಿನ್ನ ಕೈ, ನಾಳೆ ನಿನ್ನ ಹೊಲದಲ್ಲಿ ನನ್ನ ಕೈ. ಕೈಗೆ ಕೈ, ದುಡ್ಡಲ್ಲ. ಎಲಾದಿಯೊ ಮೇಸ್ತ್ರಿ ನಮ್ಮ ಹಳೇ ಮನೆಗೆ ಮೋಲ್ಡ್ ಹಾಕಿಕೊಟ್ಟರು. ತಾರಸಿ ಇದ್ದಿದ್ದಕ್ಕೇ ಆ ಮನೆಗೆ ಬೆಲೆ ಬಂತು, ಆ ಬೆಲೆಯಿಂದಲೇ ಈ ತೋಟ, ಈ ಲಾರಿ. ನಮ್ಮ ಅನ್ನದ ಬುಡ ಅವರು. ನಿಮ್ಮ ಮಹಡಿ ಗೋಡೆ ಎದ್ದಿದೆ ಅಂತ ಗೊತ್ತಾದ ಕೂಡಲೇ ಫೌಸ್ತಿನೊ ಜನ ಸೇರಿಸಿದ. ಮೂರು ವರ್ಷದ ಹಿಂದೆ, ಆ ಶನಿವಾರ, ಇಲ್ಲಿಂದ ಇಪ್ಪತ್ತು ಜನ ಲಾರಿ ಹತ್ತಿದ್ವಿ. ಬಾಂಡ್ಲಿ, ಸಲಿಕೆ, ನಮ್ಮ ಅಡುಗೆ ಪಾತ್ರೆ, ಎಲ್ಲಾ ನಮ್ಮದೇ. ನಾನು ಹಿಂದಿನ ದಿನವೇ ಕಡಲೇಕಾಯಿ ಅರೆದು ಸಾರಿಗೆ ಇಟ್ಟಿದ್ದೆ. ವಿಲ್ಮಾ ಹೊಸ ಲಂಗ ಹಾಕ್ಕೊಂಡಿದ್ದಳು.

ನಿನ್ನ ಗಂಡ ಬಾಗಿಲಲ್ಲಿ ನಿಂತಿದ್ದರು. ನಮ್ಮನ್ನ ನೋಡಿ ನಕ್ಕರು.

‘ಇದೇನು ಫೌಸ್ತಿನೊ, ಸೈನ್ಯ ಕರ್ಕೊಂಡು ಬಂದಿದೀಯ?’

‘ಮುಯ್ಯಿ ತೀರಿಸೋಕೆ ಬಂದ್ವಿ ಮೇಸ್ತ್ರಿ.’

‘ಏ ಬಿಡಪ್ಪಾ! ಪ್ರೀತಿಗೆ ಮಾಡಿದ್ದಕ್ಕೆ ಮುಯ್ಯಿ ಏನು? ನಾನೇನು ಲೆಕ್ಕ ಇಟ್ಟಿದ್ನಾ? ಹೋಗ್ರೋ, ಹೋಗಿ ಮನೇಲಿ ಮಲಕ್ಕೊಳ್ಳಿ. ನನ್ನ ಮನೆಗೆ ನನ್ನ ಹುಡುಗರು ಬರ್ತಾರೆ.’

ಫೌಸ್ತಿನೊ ಇನ್ನೊಂದು ಸಲ ಕೇಳಿದ. ಅವರು ನಗ್ತಾನೇ ಕೈ ಬೀಸಿದರು, ಬಾಗಿಲು ಹಾಕಿಕೊಂಡರು. ಗಲ್ಲಿ ಪೂರ್ತಿ ನೋಡ್ತಿತ್ತು. ಇಪ್ಪತ್ತು ಜನ ಬಿಸಿ ಸಾರಿನ ಪಾತ್ರೆ ಹಿಡ್ಕೊಂಡು ವಾಪಸ್ ಲಾರಿ ಹತ್ತಿದ್ವಿ. ನಮ್ಮ ಪೈಕಿ ಹಿರಿಯರೊಬ್ಬರು ದಾರೀಲಿ ಅಂದರು, ‘ನಮ್ಮ ಕೈ ಅವನಿಗೆ ಕೈ ಅಲ್ಲ.’

ನೀನು ಮನೇಲಿರಲಿಲ್ಲ, ಕೆಲಸಕ್ಕೆ ಹೋಗಿದ್ದೆ. ಸಂಜೆಯಾದ್ರೂ ನಮ್ಮ ತೋಟ ಎಲ್ಲಿ ಅಂತ ಕೇಳ್ಕೊಂಡು ಬರ್ತೀಯ, ಒಂದು ಮಾತು ಕೇಳ್ತೀಯ ಅಂತ ಕಾದೆ. ನೀನು ಬರಲಿಲ್ಲ.

ಸತುರ್ನಿನಾ

—

ಹಳಿ ಪಕ್ಕದ ಬಸ್ತಿ
22 ಸೆಪ್ಟೆಂಬರ್ 2002

ಸತುಕಾ,

ನಿನ್ನ ಕಾಗದ ಮತ್ತೆ ಮತ್ತೆ ಓದಿದೆ. ಅಯ್ಯೋ ದೇವರೇ. ಇಷ್ಟು ವರ್ಷ ನೀವೇ ನಮ್ಮನ್ನ ಬಿಟ್ರಿ ಅಂದ್ಕೊಂಡಿದ್ದೆ. ಲಾರಿ ಬಂತು, ದುಡ್ಡು ಬಂತು, ಬಸ್ತಿಯವರು ಬೇಡವಾದ್ವಿ ಅಂತ ಗಲ್ಲೀಲೆಲ್ಲಾ ಹೇಳ್ಕೊಂಡು ತಿರುಗಿದೆ.

ಆವತ್ತು ಸಂಜೆ ನಾನು ಮನೆಗೆ ಬಂದಾಗ ಎಲಾದಿಯೊ ಹೇಗಿದ್ದ ಗೊತ್ತಾ? ಹಬ್ಬದ ಹಾಗಿದ್ದ. ‘ಲಿಬ್ರಾದಾ, ಸತುಕಾ ಮನೆಯವರು ಊರು ಊರೇ ಕಟ್ಟಿಕೊಂಡು ಬಂದಿದ್ದರು ಕಣೇ. ಪಾಪ, ವಾರ ಪೂರ್ತಿ ಕೆಸರಲ್ಲಿ ಬಗ್ಗಿ ದುಡಿದಿರ್ತಾರೆ, ಇರೋದೊಂದು ಶನಿವಾರ. ಮಲಗಿ ಹೋಗ್ರೋ ಅಂತ ಕಳಿಸಿಬಿಟ್ಟೆ’ ಅಂದ. ತಾನು ಏನೋ ದೊಡ್ಡ ದಾನ ಮಾಡಿದೀನಿ ಅನ್ನೋ ಹಾಗೆ ಕೂತು ಮೀಸೆ ತಿರುವಿದ. ನಾನೂ ‘ಒಳ್ಳೇದು ಮಾಡಿದೆ’ ಅಂದೆ. ನಮ್ಮಲ್ಲಿ ಸ್ನೇಹಿತರ ಮಧ್ಯೆ ಲೆಕ್ಕ ಇಟ್ಟರೆ ಮರ್ಯಾದೆ ಹೋಯ್ತು ಅಂತ. ಕೊಟ್ಟಿದ್ದನ್ನ ಮರೀಬೇಕು, ಅದೇ ದೊಡ್ಡತನ. ನನ್ನಪ್ಪ ಹಾಗೆ, ಅವನಪ್ಪ ಹಾಗೆ. ಬುಟ್ಟಿ ಮಾರನೇ ದಿನವೇ ತುಂಬಿ ಕಳಿಸಿದ್ದೂ ಲೆಕ್ಕ ತೀರಿಸೋಕಲ್ಲ. ನಿನ್ನ ಮೇಲೆ ಪ್ರೀತಿ ಉಕ್ಕಿ ಬಂತು, ತಡೆಯೋಕಾಗಲಿಲ್ಲ.

ನಾವು ಎಲ್ಲರಿಗೂ ಕೊಟ್ವಿ ಕಣೇ. ಈ ಬಸ್ತೀಲಿ ಎಲಾದಿಯೊ ಹಾಕಿದ ತಾರಸಿ ಎಷ್ಟಿವೆ ಅಂತ ಲೆಕ್ಕ ಇಲ್ಲ. ತನ್ನ ಮನೆ ವಿಚಾರ ಬಂದಾಗ ಮಾತ್ರ ಮುಂದಿನ ಶನಿವಾರ, ಅದರ ಮುಂದಿನ ಶನಿವಾರ. ಒಂದು ವಾರ ಮಳೆ, ಒಂದು ವಾರ ಯಾರದೋ ಮದುವೆ. ಮೋಲ್ಡ್ ಅರ್ಧ ಹಾಕಿ ಅರ್ಧ ಬಿಡೋ ಹಾಗಿಲ್ಲ, ಒಂದೇ ಹಗಲಲ್ಲಿ ಮುಗೀಬೇಕು, ಅಷ್ಟು ಕೈ ಒಟ್ಟಿಗೆ ಸೇರಲೇ ಇಲ್ಲ. ಅವನು ಯಾರನ್ನೂ ಬಾ ಅಂತ ಕೇಳಲಿಲ್ಲ. ಕೇಳಿದ್ರೆ ಹಿಂದೆ ಕೊಟ್ಟಿದ್ದನ್ನ ಎತ್ತಿ ಆಡಿದ ಹಾಗಾಗುತ್ತೆ ಅಂತ. ಸಂಜೆ ಹೊತ್ತು ಮೇಲೆ ಹೋಗಿ ತಾರಸಿ ಇಲ್ಲದ ಗೋಡೆ ಮಧ್ಯೆ ನಿಂತು ಸಿಗರೇಟು ಸೇದ್ತಿದ್ದ. ‘ಗಾಳಿ ಚೆನ್ನಾಗಿದೆ’ ಅಂತಿದ್ದ.

ನಿನ್ನ ಹತ್ರ ಕ್ಷಮೆ ಕೇಳೋಕೂ ನಾಚಿಕೆ ಆಗುತ್ತೆ. ಅವನು ಕೆಟ್ಟವನಲ್ಲ ಸತುಕಾ. ಫೌಸ್ತಿನೊಗೆ ಅಷ್ಟು ಹೇಳು.

ಅಕ್ಕನಿಗೆ ಬರ್ತೀನಿ ಅಂತ ಮಾತು ಕೊಟ್ಟಿದೀನಿ. ಪಕ್ಕದ ಟೀವಿ ಮನೆಯವರೇ ಈ ಮನೆ ಕೇಳ್ತಿದಾರೆ, ಗೋಡೆ ಒಡೆದು ಒಂದು ಮಾಡ್ಕೋತಾರಂತೆ. ನವೆಂಬರಲ್ಲಿ ಸತ್ತವರ ಹಬ್ಬಕ್ಕೆ ಎಲಾದಿಯೊನ ಗೋರಿಗೆ ದೀಪ ಹಚ್ಚಿ, ಆಮೇಲೆ ಬಸ್ ಹತ್ತೋದು. ಅಲ್ಲಿ ಹೋಗಿ ಏನು ಮಾಡ್ತೀನೋ ಗೊತ್ತಿಲ್ಲ. ಅಕ್ಕನ ಸೊಸೆಯಂದಿರ ಮುಖವನ್ನೇ ನಾನು ನೋಡಿಲ್ಲ. ಆದ್ರೆ ಇಲ್ಲಿ ನಾನು ಇವತ್ತು ಸತ್ತರೆ ಪಕ್ಕದವರಿಗೆ ವಾಸನೆಯಿಂದ ಗೊತ್ತಾಗಬೇಕು, ಅಷ್ಟೇ ಉಳಿದಿರೋದು.

ವಿಲ್ಮಾಗೆ ನನ್ನ ಮುತ್ತು. ಜಡೆ ಕತ್ತರಿಸಬೇಡ ಅಂತ ಅವಳ ಧರ್ಮತಾಯಿ ಹೇಳಿದಳು ಅನ್ನು.

ಲಿಬ್ರಾದಾ

—

ತೋಟ
3 ನವೆಂಬರ್ 2002

ಲಿಬ್ರಾದಾ,

ಈ ಕಾಗದ ಬೇಗ ಮುಟ್ಟಲಿ ಅಂತ ಲಾರಿಯವನ ಕೈಲೇ ಕೊಡ್ತಿದೀನಿ. ಬಸ್ ಹತ್ತೋ ಮೊದಲು ಓದು.

ನಿನ್ನೆ ಸತ್ತವರ ಹಬ್ಬ ಮುಗೀತು. ನಾವು ಸತ್ತವರಿಗೆ ಎಡೆಯ ಮೇಜು ಹಾಕ್ತೀವಿ, ನಿನಗೆ ಗೊತ್ತು, ಬಸ್ತೀಲಿದ್ದಾಗ ನೀನು ನಮ್ಮಮ್ಮನ ಮೇಜಿಗೆ ಹೂ ತಂದಿಟ್ಟಿದ್ದೆ. ಈ ವರ್ಷ ಎಲಾದಿಯೊ ಮೇಸ್ತ್ರಿಗೆ ಹಾಕಿದ್ವಿ. ಹೊಸದಾಗಿ ಹೋದ ಜೀವ, ಮೊದಲ ವರ್ಷ, ದೊಡ್ಡದಾಗೇ ಹಾಕಬೇಕು. ರೊಟ್ಟಿ ಹಿಟ್ಟಲ್ಲಿ ಅವರ ಗೊಂಬೆ ಮಾಡಿದೆ, ಮೀಸೆ ಸಮೇತ. ಇಳಿದು ಬರೋಕೆ ರೊಟ್ಟಿಯ ಏಣಿ. ಫೌಸ್ತಿನೊ ‘ಕರಣೆ ಇಲ್ಲದೆ ಮೇಸ್ತ್ರಿನ ಗುರುತು ಹಿಡಿಯೋದು ಹೇಗೆ’ ಅಂತ ತಾನೇ ಒಂದು ಕರಣೆ ಮಾಡಿ ಬೇಯಿಸಿದ. ವಿಲ್ಮಾ ನಿಮ್ಮ ತೆರೆರೆ ಇಟ್ಟಳು, ಬುರುಡೆಯಲ್ಲಿ ಮಾತೆ ಸೊಪ್ಪು, ಪಕ್ಕದಲ್ಲಿ ತಣ್ಣೀರು. ಮೊದಲು ಯಾರು ಕುಡೀಬೇಕು, ಯಾರಿಗೆ ದಾಟಿಸಬೇಕು ಅಂತ ನಮಗ್ಯಾರಿಗೂ ಗೊತ್ತಾಗಲಿಲ್ಲ. ಅಲ್ಲೇ ಇಟ್ಟು ಕೈ ಮುಗಿದ್ವಿ.

ಆವತ್ತು ಲಾರೀಲಿ ಬಂದಿದ್ದ ಹಿರಿಯರು ಮೇಜು ನೋಡಿ ಕೇಳಿದರು, ‘ನಮ್ಮವನಲ್ಲದವನಿಗೆ ಯಾಕೆ ಹಾಕಿದಿ ಫೌಸ್ತಿನೊ?’ ನಾನು ನಿನ್ನ ಕಾಗದ ಓದಿ ಹೇಳಿದೆ. ಮಲಗಿ ಹೋಗ್ರೋ ಅಂದಿದ್ದು ಯಾಕೆ ಅಂತ. ಮೀಸೆ ತಿರುವಿದ್ದು, ತಾರಸಿ ಇಲ್ಲದ ಕೋಣೇಲಿ ನಿಂತು ಸಿಗರೇಟು ಸೇದಿದ್ದು. ಮುದುಕ ರೊಟ್ಟಿ ಕರಣೇನ ಗೊಂಬೆಯ ಕೈ ಹತ್ರ ಸರಿಸಿಟ್ಟ. ಆಮೇಲೆ ಅಂದ, ‘ಹಾಗಾದ್ರೆ ಅವನು ನಮ್ಮನ್ನ ಬೇಡ ಅಂದಿಲ್ಲ. ಅವನಿಗೆ ಕೇಳೋಕೆ ಬರ್ತಿರಲಿಲ್ಲ, ಅಷ್ಟೇ.’

ಈಗ ನಾನು ಹೇಳೋದು ಕೇಳು. ನೀನು ಒಬ್ಬಳೇ ಅಂತ ಬರೀತೀಯ, ನಿಜ. ನಾವು ಇಲ್ಲಿ ಒಬ್ಬರಿಗೊಬ್ಬರು ಇದೀವಿ. ಆದ್ರೆ ನಾನು ಮಾತಾಡಬೇಕಾದ್ರೆ ಯಾರ ಹತ್ರ ಮಾತಾಡ್ತೀನಿ? ಇಲ್ಲಿ ಹೆಂಗಸರೆಲ್ಲಾ ಫೌಸ್ತಿನೊನ ಊರಿನವರು. ನಾನು ನಕ್ಕರೆ ಯಾಕೆ ನಕ್ಕೆ ಅಂತಾರೆ. ನನ್ನನ್ನ ಬಯ್ಯೋಳು ನೀನೊಬ್ಬಳೇ ಇದ್ದೆ. ಆ ಹುಡುಗಿಯ ಕೊನೇ ಪ್ರಶ್ನೆಗೆ ಫೌಸ್ತಿನೊ ಹೆಸರುಗಳ ಮೇಲೆ ಹೆಸರು ಹೇಳಿದ. ಅದರಲ್ಲಿ ನನ್ನದು ಅನ್ನೋದು ಒಂದೂ ಇರಲಿಲ್ಲ.

ಮನೆ ಮಾರಿ ನೀನು ಹೊರಟುಹೋದ್ರೆ ನಾವು ಮುಯ್ಯಿ ಯಾರಿಗೆ ತೀರಿಸೋದು? ಸತ್ತವರಿಗೆ ಬಾಕಿ ಇಟ್ಟುಕೊಂಡು ಬದುಕೋದು ಕಷ್ಟ ಲಿಬ್ರಾದಾ. ಬರೋ ವರ್ಷವೂ ಅವರು ಏಣಿ ಇಳಿದು ಬರ್ತಾರೆ, ನನ್ನ ಮನೆ ಮೇಲೆ ತಾರಸಿ ಎಲ್ಲಿ ಅಂತ ಕೇಳ್ತಾರೆ. ನಾನೇನು ಹೇಳಲಿ?

ಜನ ತಯಾರಿದಾರೆ. ಆದ್ರೆ ಒಮ್ಮೆ ವಾಪಸ್ ಕಳಿಸಿದ ಬಾಗಿಲಿಗೆ ಕರೀದೆ ಎರಡನೇ ಸಲ ಬರೋ ಹಾಗಿಲ್ಲ. ಹಿರಿಯರೂ ಅದನ್ನೇ ಅಂದರು. ನೀನು ಕರೀಬೇಕು. ‘ಬಂದ್ರೆ ಬನ್ನಿ’ ಅಲ್ಲ, ‘ನಿಮಗೆ ತೊಂದ್ರೆ ಇಲ್ದಿದ್ರೆ’ ಅಲ್ಲ. ಕರಿ.

ಸತುಕಾ

—

ಹಳಿ ಪಕ್ಕದ ಬಸ್ತಿ
5 ನವೆಂಬರ್ 2002

ಸತುಕಾ,

ಬನ್ನಿ. ಮೋಲ್ಡ್ ಹಾಕಿಕೊಡಿ. ನನಗೆ ಬೇಕು.

ಲಿಬ್ರಾದಾ

—

ಹಳಿ ಪಕ್ಕದ ಬಸ್ತಿ
1 ಡಿಸೆಂಬರ್ 2002

ಕೊಮಾದ್ರೆ,

ಮೂರು ಸಾಲು ಬರೆಯೋಕೆ ನನಗೆ ಒಂದು ಇಡೀ ದಿನ ಹಿಡೀತು ಅಂದ್ರೆ ನಂಬ್ತೀಯಾ? ‘ಬೇಕು’ ಅಂತ ಬರೆದು ಹೊಡೆದು ಹಾಕಿದೆ, ಮತ್ತೆ ಬರೆದೆ. ಎಲಾದಿಯೊನ ಫೋಟೋ ನೋಡಿ ‘ಬಯ್ಕೋಬೇಡ’ ಅಂದೆ.

ನಿಮ್ಮವರು ಬಂದಿದ್ದನ್ನ ಫೌಸ್ತಿನೊ ಹೇಳಿರ್ತಾನೆ, ಆದ್ರೆ ಅವನ ಬಾಯಲ್ಲಿ ನಾಲ್ಕು ಮಾತಿಗಿಂತ ಹೆಚ್ಚು ಬರಲ್ಲ, ಅದಕ್ಕೆ ನಾನೂ ಹೇಳ್ತೀನಿ. ಬೆಳಕು ಹರಿಯೋ ಹೊತ್ತಿಗೆ ಲಾರಿ ಬಂತು. ನಾನು ಓಡಿ ಹೋಗಿ ಹಿಂದೆ ಇಣುಕಿದೆ. ಎಲ್ಲಾ ಇಳಿದರು, ನೀನಿರಲಿಲ್ಲ. ‘ಪಂಪ್ ಕೆಟ್ಟಿದೆ, ಗಿಡಕ್ಕೆ ಕೈಯಲ್ಲೇ ನೀರು ಹಾಕ್ತಿದಾಳೆ’ ಅಂದ ಫೌಸ್ತಿನೊ, ನೆಲ ನೋಡ್ಕೊಂಡು. ಪಂಪಂತೆ! ನಿನ್ನ ಹಟ ನನಗೆ ಗೊತ್ತಿಲ್ವಾ? ಹೋಗಲಿ, ನಾನೂ ಆ ಸಂಜೆ ಬರಲಿಲ್ಲವಲ್ಲ.

ವಿಲ್ಮಾ ನನ್ನ ಭುಜಕ್ಕೆ ಬಂದಿದಾಳೆ ಮಾರಾಯ್ತಿ! ಜಡೆ ಎತ್ತಿ ತಲೆಗೆ ಸುತ್ತಿ, ಕೆಳಗೆ ನಿಂತು ಬಾಂಡ್ಲಿ ತುಂಬಿಸಿ ಕೊಡ್ತಿದ್ದಳು. ಏಣಿ ಮೆಟ್ಟಿಲಿಗೊಬ್ಬೊಬ್ಬರು ನಿಂತು ಕೈಯಿಂದ ಕೈಗೆ ಸಿಮೆಂಟು ಮೇಲೆ ಹೋಗ್ತಾ ಇತ್ತು. ನಮ್ಮವರು ಮೋಲ್ಡ್ ಹಾಕಿದ್ರೆ ಪೊಲ್ಕಾ ಹಾಡು, ಕೂಗಾಟ, ಮಧ್ಯಾಹ್ನಕ್ಕೆ ಬೀರು. ನಿಮ್ಮವರು ಒಂದು ಮಾತಿಲ್ಲ, ಬರೀ ಸಲಿಕೆ ಸದ್ದು. ಮೊದಮೊದಲು ನನಗೆ ಸಾವಿನ ಮನೆ ಹಾಗೆ ಅನ್ನಿಸ್ತು. ಆಮೇಲೆ ನೀನು ಬರೆದಿದ್ದ ಆ ಮುದುಕ ನನ್ನ ಕೈಗೂ ಒಂದು ಬಾಂಡ್ಲಿ ಕೊಟ್ಟ. ಪಕ್ಕದ ಟೀವಿ ಮನೆಯವನು ಬಾಗಿಲಿಗೆ ಬಂದು ನಿಂತು ನೋಡಿದ, ಸ್ವಲ್ಪ ಹೊತ್ತಾದ ಮೇಲೆ ಅವನೂ ಪ್ಯಾಂಟು ಮಡಿಸಿಕೊಂಡು ಬಂದ.

ಕೊನೇಲಿ ಮೇಲೆ ನಯ ಮಾಡೋಕೆ ಎಲಾದಿಯೊನ ಕರಣೆ ತೆಗೆದು ಫೌಸ್ತಿನೊಗೆ ಕೊಟ್ಟೆ. ತಗೊಂಡ. ಒರೆಸಿದ. ಬೆನ್ನು ನನ್ನ ಕಡೆ ಮಾಡಿಕೊಂಡೇ ಕೆಲಸ ಮುಗಿಸಿದ.

ಆಮೇಲೆ ಏನಾಯ್ತು ಕೇಳು. ತಾರಸಿ ಮುಗೀತು, ಎಲ್ಲರೂ ಕೈ ತೊಳೆದರು. ಬಾಕಿ ತೀರಿತಲ್ಲ! ಇನ್ನು ಇವರು ಯಾಕೆ ಬರ್ತಾರೆ, ಇವತ್ತು ಊಟ ಮಾಡಿ ಹೋದರೆ ಮುಗೀತು ಅಂತ ಹೆದರಿದೆ. ಅಷ್ಟರಲ್ಲಿ ಫೌಸ್ತಿನೊ ಕೆಳಗಿಳಿದು ನನ್ನ ಬಾಗಿಲ ಚೌಕಟ್ಟು ಬಿಚ್ಚೋಕೆ ಶುರು ಮಾಡಿದ. ಮಳೆ ನೀರಿಗೆ ಕೊಳೆತಿತ್ತು, ಲಾರೀಲಿ ಹೊಸದು ತಂದಿದ್ದ. ‘ಬೇಡ ಫೌಸ್ತಿನೊ, ಅಷ್ಟೇ ಸಾಕು’ ಅನ್ನೋ ಮಾತು ನಾಲಿಗೆ ತುದಿಗೆ ಬಂತು ಕಣೇ. ನುಂಗಿದೆ. ಒಲೆ ಮೇಲಿನ ಮಾಂಸ ತಿರುವಿದೆ. ಅವನು ಬಾಗಿಲು ಕೂರಿಸಿ, ಎರಡು ಸಲ ಹಾಕಿ ತೆಗೆದು ನೋಡಿ, ‘ಇದು ಮುಯ್ಯಿ ಲೆಕ್ಕಕ್ಕೆ ಸೇರಿದ್ದಲ್ಲ’ ಅಂದ. ಮುದುಕ ನಕ್ಕ. ಇಡೀ ದಿನದಲ್ಲಿ ಅವನು ನಕ್ಕಿದ್ದು ಅದೊಂದೇ ಸಲ. ಹೋಗೋವಾಗ ಫೌಸ್ತಿನೊ ಕರಣೇನೂ ತಗೊಂಡೇ ಹೋದ, ತಾರಸಿ ಕೆಳಗಿನ ಸೆಂಟ್ರಿಂಗ್ ಹಲಗೆ ಬಿಚ್ಚೋಕೆ ಬಂದಾಗ ತಂದುಕೊಡ್ತಾನಂತೆ.

ಯೂನಿವರ್ಸಿಟಿ ಹುಡುಗಿ ಮೊನ್ನೆ ಮತ್ತೆ ಬಂದಿದ್ದಳು. ಖಾಲಿ ಬಿಟ್ಟಿದ್ದನ್ನೆಲ್ಲಾ ತುಂಬಿಸಿಕೊಳ್ಳಬೇಕಂತೆ. ‘ಯಾರು ಗೆದ್ದರು ಮಗಳೇ, ನಾವೋ ಅವರೋ?’ ಅಂದೆ. ಉಣ್ಣೋದರಲ್ಲಿ ನೀವು ಸ್ವಲ್ಪ ಮುಂದೆ, ಉಳಿಸೋದರಲ್ಲಿ ಅವರು ಸ್ವಲ್ಪ ಮುಂದೆ ಅಂದಳು. ಅದನ್ನ ಏಪ್ರಿಲಲ್ಲೇ ಹೇಳಿರಲಿಲ್ವಾ ನಾನು? ಆಮೇಲೆ ಅದೇ ಪ್ರಶ್ನೆ. ‘ಸತುರ್ನಿನಾ ಅಂತ ಬರ್ಕೋ’ ಅಂದೆ. ‘ನಿಮ್ಮ ಪರಾಗ್ವೆಯವರಾ ಅಮ್ಮಾ?’ ‘ಬೊಲಿವಿಯಾ.’ ಹುಡುಗಿ ಪೆನ್ನು ಕಚ್ಚಿದಳು. ‘ಹಾಳೇಲಿ ಈಕಡೆ ನಿಮ್ಮವರು, ಆಕಡೆ ಅವರು. ಇದನ್ನ ಎಲ್ಲಿ ಬರೀಲಿ?’ ‘ಗೆರೆ ಮೇಲೆ ಬರಿ’ ಅಂದೆ. ಬರೆದಳು.

ಎಲ್ಲಾ ಸರಿ ಹೋಯ್ತು ಅಂತ ತಿಳೀಬೇಡ. ಮನೆ ಅದೇ ಖಾಲಿ ಮನೆ. ಹೊಸ ತಾರಸಿಗೆ ಬೆಳಿಗ್ಗೆ ಸಂಜೆ ನೀರು ಹಾಕಬೇಕು, ಏಣಿ ಹತ್ತಿ ಹಾಕ್ತೀನಿ. ಮೇಲಿನ ಕೋಣೆ ತುಂಬ ಆಸರೆ ಕಂಬಗಳು, ಒಬ್ಬರು ನಿಲ್ಲೋಕೂ ಜಾಗ ಇಲ್ಲ. ಆದ್ರೂ ನಿನ್ನೆ ಮಳೆ ಬಂದಾಗ ಹೋಗಿ ಕಂಬಗಳ ಮಧ್ಯೆ ನಿಂತೆ. ಒಂದು ಹನಿ ಬೀಳಲಿಲ್ಲ. ಅವನು ಸಿಗರೇಟು ಸೇದ್ತಿದ್ದ ಮೂಲೆ ಒಣಗಿತ್ತು. ಅಲ್ಲೇ ನಿಂತು ಬಾಯಿ ಬಿಟ್ಟು ಅತ್ತೆ, ಮಳೆ ಸದ್ದಿಗೆ ಪಕ್ಕದವರಿಗೆ ಕೇಳಿಸಿರಲ್ಲ.

ಅಕ್ಕನಿಗೆ ಬರೆದು ಹಾಕಿದೆ: ಬರೋಕಾಗಲ್ಲ ಅಕ್ಕಾ, ಇಲ್ಲಿ ನನ್ನ ಮೇಲೆ ಒಂದು ಬಾಗಿಲಿನ ಬಾಕಿ ಇದೆ. ಅವಳಿಗೆ ಅರ್ಥ ಆಗಲ್ಲ, ಎಷ್ಟು ದುಡ್ಡು ಕಳಿಸಲಿ ಅಂತ ಕೇಳ್ತಾಳೆ.

ನಿಮ್ಮ ಬೆಳ್ಳುಳ್ಳಿ ಬಲಿತಿದೆ ಅಂತ ವಿಲ್ಮಾ ಅಂದಳು. ಯಾವತ್ತು ಕೀಳ್ತೀರಿ, ಬರಿ. ನನ್ನ ಕೈ ಬರುತ್ತೆ.

ನಿನಗೆ ಬಾಕಿ ಇರೋ,
ಲಿಬ್ರಾದಾ